ಬೀರು ಮೀಮಾಂಸೆ: ಶಾಲೆಯ ಸೂಕ್ಷ್ಮದರ್ಶಕವನ್ನು ಕಾಪಾಡುವ ಬಗೆ

ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಗೆ ಒಯ್ದು ನಿಲ್ಲಿಸಿದ್ದು ಒಂಬತ್ತನೆಯ ಶತಮಾನದಲ್ಲಿ. ಆ ಹೊಳೆಯ ನಂಟಿರುವ ನಾಸಿಕ ಜಿಲ್ಲೆಯ ಈರುಳ್ಳಿ ಲಾಸಲಗಾಂವದ ಮಾರುಕಟ್ಟೆ ಹಾಯ್ದು ನಮ್ಮ ಸಂತೆಗಳಿಗೂ ಬರುತ್ತದೆ. ಜೀವಶಾಸ್ತ್ರದ ಮಕ್ಕಳು ನೋಡಬೇಕಾದ ಮೊದಲ ಸ್ಲೈಡು ಈರುಳ್ಳಿ ಎಸಳಿನ ಒಳಪೊರೆಯದು. ಎಲ್ಲೆಯೂ ನಮ್ಮದು, ಈರುಳ್ಳಿಯೂ ನಮಗೆ ಬರುವಂಥದು ಎಂದಮೇಲೆ ಸೂಕ್ಷ್ಮದರ್ಶಕದ ಬಗ್ಗೆ ತೀರ್ಪು ಕೊಡುವ ಅಧಿಕಾರ ಕನ್ನಡ ವಿದ್ವತ್ತಿಗೆ ತಾನಾಗಿ ಸಿದ್ಧಿಸಿತು. ತೀರ್ಪು ಇದು: ಸಂಯುಕ್ತ ಸೂಕ್ಷ್ಮದರ್ಶಕವನ್ನು ಸುರಕ್ಷಿತವಾಗಿ ಬಳಸುವ ಮಾರ್ಗ ಒಂದೇ, ಬೀರುವಿನಲ್ಲಿಟ್ಟು ಬೀಗ ಹಾಕುವುದು.

ಪ್ರಮಾಣಗಳಿಗೆ ಬರೋಣ. ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡ ಗೂಡುಗಳನ್ನು 1665ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ತೋರಿಸಿದ. ತೋರಿಸಬಲ್ಲವನಾದ, ಏಕೆಂದರೆ ಅವನಿಗೆ ಸ್ಟಾಕ್ ರಿಜಿಸ್ಟರ್ ಇರಲಿಲ್ಲ, ಆಡಿಟ್ ಆಕ್ಷೇಪಣೆಯ ಭಯವೂ ಇರಲಿಲ್ಲ. ನಮ್ಮ ಮೇಷ್ಟ್ರುಗಳಿಗೆ ಎರಡೂ ಉಂಟು. ಇನ್ನು ಯಂತ್ರದ ಸ್ವಭಾವವನ್ನು ನೋಡಿ. ನಲವತ್ತು ಪಟ್ಟಿನ ಮಸೂರಕ್ಕೂ ಸ್ಲೈಡಿಗೂ ನಡುವೆ ಉಳಿಯುವ ಜಾಗ ಅರ್ಧ ಮಿಲಿಮೀಟರಿನ ಆಸುಪಾಸು. ಕಣ್ಣು ಮೇಲಿನ ನಳಿಗೆಯಲ್ಲಿ, ಕೈ ದೊಡ್ಡ ತಿರುಪಿನಲ್ಲಿ, ಮನಸ್ಸು ಮಧ್ಯಾಹ್ನದ ಊಟದಲ್ಲಿ ಇರುವ ವಿದ್ಯಾರ್ಥಿ ಒಂದು ಸುತ್ತು ತಿರುವಿದರೆ ಟಕ್ಕೆಂದು ಸದ್ದು. ಕವರ್‌ಸ್ಲಿಪ್ ಎರಡಾಯಿತು, ಮಸೂರಕ್ಕೆ ಗೀರು ಬಿತ್ತು. ಕನ್ನಡಿಯಿರುವ ಮಾದರಿಯಾದರೆ ಅಪಾಯ ಇನ್ನೂ ಘೋರ. ಅದನ್ನು ನೇರ ಸೂರ್ಯನಿಗೆ ತಿರುಗಿಸಿದ ಕ್ಷಣ ಬಿಸಿಲೆಲ್ಲ ಕಣ್ಣಿನೊಳಕ್ಕೇ ಬೀಳುತ್ತದೆ. ಬೀರುವಿನಲ್ಲಿ ಸೂರ್ಯನಿಲ್ಲ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಒಂದು ಕೈಯಲ್ಲಿ ಯಂತ್ರದ ತೋಳು, ಇನ್ನೊಂದು ಅಂಗೈ ಬುಡಕ್ಕೆ ಕೊಟ್ಟು ಎತ್ತಿದರೆ ಅದು ಬೀಳದು. ಮೊದಲು ನಾಲ್ಕು ಪಟ್ಟಿನ ಮಸೂರ, ಬದಿಯಿಂದ ಬಗ್ಗಿ ನೋಡುತ್ತ ಸ್ಲೈಡಿಗೆ ಹತ್ತಿರ ತಂದು, ಆಮೇಲೆ ಕಣ್ಣಿಟ್ಟು ದೂರ ಸರಿಸುತ್ತ ಬಿಂಬ ಹಿಡಿದರೆ ಗಾಜು ಒಡೆಯದು. ಹೆಚ್ಚು ಪಟ್ಟಿಗೆ ಹೋದಮೇಲೆ ಸಣ್ಣ ತಿರುಪೊಂದೇ ಸಾಕು. ಒಡೆದ ಚೂರನ್ನು ಬೆರಳಿಂದ ಆರಿಸಬಾರದು, ಮಸೂರವನ್ನು ಅಂಗಿಯ ತುದಿಯಿಂದ ಒರೆಸಬಾರದು, ಬೆಳಕಿಗೆ ಕಿಟಕಿಯ ಆಕಾಶವೇ ಆದೀತು. ಇಷ್ಟನ್ನು ಕಲಿಸಿದರೆ ಮುಗಿಯಿತಲ್ಲ ಎಂಬುದು ಅವರ ವಾದ. ವಾದ ನಿರ್ದುಷ್ಟವಾಗಿದೆ, ಅದೇ ಅದರ ದೋಷ. ಕಲಿಸುವುದೆಂದರೆ ಹೊತ್ತು ಬೇಕು. ಅರವತ್ತು ಮಕ್ಕಳು, ಒಂದು ಯಂತ್ರ, ನಲವತ್ತು ನಿಮಿಷದ ಪೀರಿಯಡ್ಡು ಎಂದಿಟ್ಟುಕೊಂಡರೆ ತಲೆಗೆ ನಲವತ್ತು ಸೆಕೆಂಡು. ಅದರಲ್ಲಿ ಮೂವತ್ತು ಯಾವ ಕಣ್ಣು ಮುಚ್ಚಬೇಕು ಎಂಬ ಜಿಜ್ಞಾಸೆಗೇ ಹೋಗುತ್ತದೆ.

ಹಾಗಾದರೆ ಮಕ್ಕಳು ಜೀವಕೋಶವನ್ನು ನೋಡುವುದು ಯಾವಾಗ ಎಂದು ಕೆಲವರು ಕರುಣರಸದಿಂದ ಕೇಳುವುದುಂಟು. ನೋಡಿ ಆಗಬೇಕಾದದ್ದೇನು? ನಿಜವಾದ ಸ್ಲೈಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ದಪ್ಪ ಕಪ್ಪಂಚಿನ ಗಾಳಿಗುಳ್ಳೆ. ಅದನ್ನೇ ಕೋಶವೆಂದು ಬರೆದುಕೊಂಡು ಬರುವ ಮಗುವಿಗೆ ಅಂಕ ಹೋಗುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಗುಳ್ಳೆಯಿಲ್ಲ, ಅಯೋಡಿನ್ ಕಲೆಯಿಲ್ಲ, ಕೋಶಕೇಂದ್ರ ಬಾಣದ ಗುರುತಿನೊಡನೆ ಕಾದು ನಿಂತಿರುತ್ತದೆ. ಸೀಸದಕಡ್ಡಿ ಚೂಪಾಗಿದ್ದರೆ ರೆಕಾರ್ಡ್ ಪುಸ್ತಕಕ್ಕೆ ಸಹಿಯೂ ಬೀಳುತ್ತದೆ. ಪ್ರಕೃತಿಗಿಂತ ಪಠ್ಯ ಶುದ್ಧವೆಂಬ ತತ್ತ್ವ ಇಲ್ಲಿ ಸಿದ್ಧವಾಯಿತು.

ಒಂದೇ ಒಂದು ಆಕ್ಷೇಪಣೆ ತುಸು ಕಾಡಿತೆಂದು ಒಪ್ಪಬೇಕು. ಮಳೆಗಾಲದ ತೇವ, ಕತ್ತಲೆ, ಗಾಳಿಯಾಡದ ಮೂಲೆ, ಈ ಮೂರೂ ಕೂಡಿದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಮೂರೂ ಕೂಡುವ ಸ್ಥಳವೇ ಬೀರು. ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಹೊರತೆಗೆದು ಬಳಸಿ ಎನ್ನುತ್ತಾರೆ. ಬಳಸುವುದಾದರೆ ಬೀರು ಏತಕ್ಕೆ? ಬೂಷ್ಟೂ ಒಂದು ಜೀವಿಯೇ. ಜೀವಶಾಸ್ತ್ರ ವಿಭಾಗದ ಸೊತ್ತಿನ ಮೇಲೆ ಜೀವಿಯೊಂದು ಬೆಳೆದರೆ ಅದನ್ನು ಹಾನಿಯೆಂದು ಬರೆಯಲು ರಿಜಿಸ್ಟರಿನಲ್ಲಿ ಕಲಮಿಲ್ಲ. ಅಲ್ಲದೆ ಮಸೂರವನ್ನು ಬೆಳಕಿಗೆ ಹಿಡಿದರೆ ಆ ಬೂಷ್ಟಿನ ಎಳೆಗಳು ಬರಿಗಣ್ಣಿಗೇ ಕಾಣುತ್ತವೆ.