ಸಾಲ ಮೊದಲೋ, ಷೇರು ಮೊದಲೋ?

ಹ್ಯೂಸ್ಟನ್‌ನಲ್ಲಿ ಆಕ್ಸಿಡೆಂಟಲ್ ಪೆಟ್ರೋಲಿಯಂನ ಇಬ್ಬರು ಷೇರುದಾರರು (ಇಬ್ಬರೂ ಕಲ್ಪಿತರು, ಅಂಕಿಗಳು ಮಾತ್ರ ನಿಜ) ಕಾಫಿಗೆ ಕೂತಿದ್ದರು.

“2022ರಲ್ಲಿ 300 ಕೋಟಿ ಡಾಲರ್ ಸುರಿದು ಕಂಪನಿ ತನ್ನದೇ ಷೇರು ಕೊಂಡಿತಲ್ಲ, ಆಹಾ!” ಎಂದ ಕಿರಿಯ. ಸಾಲ ತೀರಿಸಿದರೆ ಇಂಥ ಚಪ್ಪಾಳೆ ಬೀಳುವುದಿಲ್ಲ.

“ಸಾಲ?” ಎಂದ ಹಿರಿಯ.

“ಅದೆಲ್ಲಿಗೆ ಓಡಿಹೋಗುತ್ತೆ ಬಿಡಿ ಸಾರ್.”

“ಅದೇ ತೊಂದರೆ ಕಣಯ್ಯ. 2019ರಲ್ಲಿ ಅನಡಾರ್ಕೊ ಎಂಬ ತೈಲ ಕಂಪನಿಯನ್ನು ನುಂಗಲು ಹೂಡಿಕೆದಾರ ವಾರೆನ್ ಬಫೆಟ್ ಕಂಪನಿಯಿಂದ 1,000 ಕೋಟಿ ಡಾಲರ್ ತಂದರು, ವರ್ಷಕ್ಕೆ ಶೇ. 8 ಡಿವಿಡೆಂಡ್ ಕೊಡುವ ಕರಾರು. ಮರುವರ್ಷ ತೈಲಬೆಲೆ ನೆಲಕಚ್ಚಿತು. ನಮ್ಮ ತ್ರೈಮಾಸಿಕ ಡಿವಿಡೆಂಡ್ ಷೇರಿಗೆ 1 ಸೆಂಟ್!”

ಕಿರಿಯ ಕಾಫಿ ಕಲಕಿದ. “ಆಮೇಲೆ ಬುದ್ಧಿ ಬಂತಲ್ಲ?”

“ಬಂತು. ಸಾಲ ಇಳಿಯಿತು ಅನ್ನುವಾಗ ಮತ್ತೆ ಸಾಲ ಮಾಡಿ ಕ್ರೌನ್‌ರಾಕ್ ಎಂಬ ಇನ್ನೊಂದು ತೈಲ ಕಂಪನಿ ಕೊಂಡರು. ಆ ಹೊರೆ ಇಳಿಸಲು 2025ರಲ್ಲಿ ತಮ್ಮ ರಾಸಾಯನಿಕ ಉದ್ಯಮವನ್ನೇ 970 ಕೋಟಿ ಡಾಲರ್‌ಗೆ ಮಾರಲು ಒಪ್ಪಿದರು.”

“ಯಾರಿಗೆ?”

“ಇನ್ಯಾರಿಗೆ? ಬಫೆಟ್ ಕಂಪನಿಗೆ.”