ವಾರ್ಡಿನ ಪ್ರಶ್ನೆಗಾರ

ಪಾಲಿಕೆ ಚುನಾವಣೆ ಹತ್ತಿರ ಬಂದಾಗ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಎದ್ದು ಕಾಣುವ, ಚುನಾವಣೆ ಇಲ್ಲದಾಗಲೂ ಮರೆಯಾಗದ ನಾಗರಿಕನೇ ವಾರ್ಡಿನ ಪ್ರಶ್ನೆಗಾರ. ಜಯನಗರ, ಮಲ್ಲೇಶ್ವರ, ರಾಜಾಜಿನಗರ, ಬಸವನಗುಡಿಗಳಲ್ಲಿ ಈತ ಹೇರಳವಾಗಿ ಸಿಗುತ್ತಾನೆ. ಹೊರವಲಯದ ಅಪಾರ್ಟ್‌ಮೆಂಟುಗಳಲ್ಲಿ ಇಂಗ್ಲಿಷ್ ಮಾತಾಡುತ್ತಾನೆ, ಫೈಲಿನ ಬದಲು ಲ್ಯಾಪ್‌ಟಾಪ್ ತರುತ್ತಾನೆ, ಉಳಿದಂತೆ ವ್ಯತ್ಯಾಸವಿಲ್ಲ. ವಯಸ್ಸು ಅರವತ್ತರ ಮೇಲೆ. ಬ್ಯಾಂಕು, ಎಚ್‌ಎಎಲ್, ಬಿಇಎಲ್ ಅಥವಾ ಎಜಿ ಆಫೀಸಿನಿಂದ ನಿವೃತ್ತ. ಎಜಿ ಆಫೀಸಿನಿಂದ ಬಂದವನಾದರೆ ಅಭ್ಯರ್ಥಿಗೆ ಅಂದು ರಾಹುಕಾಲ ಇಡೀ ದಿನ ಇದೆಯೆಂದೇ ಅರ್ಥ; ಮೂವತ್ತು ವರ್ಷ ಆಡಿಟ್ ಆಕ್ಷೇಪಣೆ ಬರೆದ ಕೈ ಸುಮ್ಮನಿರುವುದಿಲ್ಲ. ಹೆಂಗಸರಲ್ಲಿ ಈ ಪಂಗಡ ನಿವೃತ್ತ ಹೈಸ್ಕೂಲ್ ಮೇಡಂ ರೂಪದಲ್ಲಿ ಇರುತ್ತದೆ. ಅವರ ಪ್ರಶ್ನೆ ಚಿಕ್ಕದು. ಆದರೆ ಉತ್ತರ ಬರುವ ತನಕ ಅವರು ಕೂರುವುದಿಲ್ಲವಾದ್ದರಿಂದ ಅಭ್ಯರ್ಥಿಗಳು ಅವರಿಗೇ ಹೆಚ್ಚು ಹೆದರುತ್ತಾರೆ.

ಪ್ರಶ್ನೆಗಾರನ ಆಯುಧ ಒಂದು ಫೈಲು. ಅದರಲ್ಲಿ ಪಾಲಿಕೆಗೆ ಕೊಟ್ಟ ಮನವಿಗಳ ಜೆರಾಕ್ಸ್, ಪ್ರತಿಯೊಂದರ ಮೇಲೂ ಸ್ವೀಕೃತಿಯ ಸೀಲು, ಆಸ್ತಿ ತೆರಿಗೆಯ ರಸೀದಿಗಳು, ಮಾಹಿತಿ ಹಕ್ಕಿನಡಿ ಬಂದ ಉತ್ತರಗಳು, ಮಾಹಿತಿ ಇಲ್ಲವೆಂದು ಬಂದ ಉತ್ತರಗಳು, ಮೋರಿ ತುಂಬಿದ ಫೋಟೋಗಳು. ಏಪ್ರಿಲ್‌ನಲ್ಲಿ ತೆರಿಗೆ ಕಟ್ಟಿದವರಿಗೆ ಸಿಗುವ ಶೇ 5ರ ರಿಯಾಯಿತಿಯನ್ನು ಈತ ಒಂದು ವರ್ಷವೂ ಬಿಟ್ಟವನಲ್ಲ. ತೆರಿಗೆ ಕಟ್ಟಿದವನು ಮಾತ್ರ ಪ್ರಶ್ನೆ ಕೇಳಬೇಕು ಎಂಬುದು ಈತನ ದೃಢ ನಂಬಿಕೆ. ಬಾಡಿಗೆದಾರರು ಎದ್ದು ನಿಂತರೆ ಹಿಂತಿರುಗಿ ಒಮ್ಮೆ ನೋಡುತ್ತಾನೆ.

ಪ್ರಶ್ನೆಗಳ ಕಾಲ ಭಾನುವಾರ ಬೆಳಗ್ಗೆ, ಸ್ಥಳ ದೇವಸ್ಥಾನದ ಸಮುದಾಯ ಭವನ. ನಿವಾಸಿಗಳ ಸಂಘವೂ ವರ್ತಕರ ಸಂಘವೂ ಸೇರಿ ‘ಅಭ್ಯರ್ಥಿಗಳೊಂದಿಗೆ ಸಂವಾದ’ ಏರ್ಪಡಿಸುತ್ತವೆ. ಹತ್ತಕ್ಕೆ ಎಂದಿದ್ದ ಸಭೆ ಹನ್ನೊಂದೂ ಕಾಲಿಗೆ ಆರಂಭವಾಗುತ್ತದೆ. ಪಕ್ಷೇತರ ಅಭ್ಯರ್ಥಿ ಒಂಬತ್ತೂವರೆಗೇ ಬಂದು ಕುರ್ಚಿ ಜೋಡಿಸಲು ಕೈ ಹಾಕಿರುತ್ತಾನೆ. ದೊಡ್ಡ ಪಕ್ಷದವರು ಬಂದಾಗ ಆತನನ್ನು ಶಾಮಿಯಾನದವನೆಂದು ತಿಳಿದು ನೀರು ಕೇಳುವುದುಂಟು. ಉಪ್ಪಿಟ್ಟು ಕೇಸರಿಬಾತಿನ ಪರಿಮಳ ಹಿಂದಿನ ಬಾಗಿಲಿನಿಂದ ಬರುತ್ತಿರುವಾಗಲೇ ಸಂಘದ ಕಾರ್ಯದರ್ಶಿ, ‘ಒಬ್ಬರಿಗೆ ಒಂದೇ ಪ್ರಶ್ನೆ, ಎರಡೇ ನಿಮಿಷ’ ಎಂದು ಘೋಷಿಸುತ್ತಾರೆ. ಪ್ರಶ್ನೆಗಾರ ಈ ನಿಯಮವನ್ನು ಎಲ್ಲರಿಗಿಂತ ಜೋರಾಗಿ ಬೆಂಬಲಿಸಿ, ಮೊದಲು ಮೈಕ್ ತೆಗೆದುಕೊಳ್ಳುತ್ತಾನೆ.

ಈತನ ಪ್ರಶ್ನೆಗೆ ಒಂದು ರಚನೆಯಿದೆ. ಮೊದಲು ಪೀಠಿಕೆ: ಬಡಾವಣೆಗೆ ತಾನು ಬಂದ ವರ್ಷ, ಆಗ ಇದ್ದ ಮರಗಳು, ಆಗಿನ ಸೈಟಿನ ಬೆಲೆ. ಬೆಲೆ ಕೇಳಿದಾಗ ಸಭೆ ನಿಟ್ಟುಸಿರು ಬಿಡುತ್ತದೆ. ಆ ನಿಟ್ಟುಸಿರಿಗಾಗಿಯೇ ಈತ ಒಂದು ಕ್ಷಣ ನಿಲ್ಲಿಸುತ್ತಾನೆ. ಆಮೇಲೆ ಇತಿಹಾಸ. 1949ರಲ್ಲಿ ಪೇಟೆಯನ್ನೂ ದಂಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದ್ದು, 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬೃಹತ್ ಮಾಡಿದ್ದು, ಹಿಗ್ಗಿದ ಮೇಲೆ ತಮ್ಮ ಬೀದಿಯ ಕಡೆ ಯಾರೂ ತಲೆ ಹಾಕದೇ ಹೋದದ್ದು. ನಂತರ ಸಂವಿಧಾನ. 74ನೇ ತಿದ್ದುಪಡಿ, ಹನ್ನೆರಡನೆಯ ಅನುಸೂಚಿ, ಅದರಲ್ಲಿ ನಗರಾಡಳಿತಕ್ಕೆ ಹೇಳಿದ 18 ವಿಷಯಗಳು. ಹದಿನೆಂಟನ್ನೂ ಬಾಯಿಪಾಠ ಒಪ್ಪಿಸಲು ಹೊರಟಾಗ ಆರನೆಯದಕ್ಕೆ ಕಾರ್ಯದರ್ಶಿ ಮೈಕಿಗೆ ಕೈ ಚಾಚುತ್ತಾರೆ. ‘ಪ್ರಶ್ನೆಗೆ ಬರ್ತಾ ಇದೀನಿ, ತಾಳಿ ಸಾರ್’ ಎನ್ನುತ್ತಾನೆ. ಬರುವುದಿಲ್ಲ.

ಕೊನೆಗೂ ಬರುವ ಪ್ರಶ್ನೆ ಸಾಮಾನ್ಯವಾಗಿ ಕಾವೇರಿ ನೀರಿನದು. ನೀರು ಸರಬರಾಜು ಆ ಹದಿನೆಂಟರಲ್ಲಿ ಸೇರಿದ್ದು ನಿಜ. ಆದರೆ ಬೆಂಗಳೂರಿನಲ್ಲಿ ಅದು 1964ರ ಕಾಯ್ದೆಯಿಂದಲೇ ಜಲಮಂಡಳಿಯ ಪಾಲಾಗಿದೆ. ಕರೆಂಟು ಬೆಸ್ಕಾಂ, ಬಸ್ಸು ಬಿಎಂಟಿಸಿ, ಸೈಟು ಬಿಡಿಎ, ಟ್ರಾಫಿಕ್ಕು ಪೊಲೀಸು. ಕಾರ್ಪೊರೇಟರ್ ಪಾಲಿಗೆ ಮುಖ್ಯವಾಗಿ ಉಳಿಯುವುದು ಚರಂಡಿ, ಫುಟ್‌ಪಾತ್, ಬೀದಿ ದೀಪ, ಪಾರ್ಕು, ಒಳರಸ್ತೆ ಮತ್ತು ಕಸ. ಕಸಕ್ಕೂ ಈಗ ಪ್ರತ್ಯೇಕ ಕಂಪನಿಯಿದೆ. ಪ್ರಶ್ನೆಗಾರನಿಗೆ ಇದೆಲ್ಲ ತಿಳಿಯದ್ದಲ್ಲ, ಅಭ್ಯರ್ಥಿಗಿಂತ ಚೆನ್ನಾಗಿಯೇ ಗೊತ್ತು. ಆದರೂ ಮೋರಿಯಂಥ ಚಿಲ್ಲರೆ ವಿಷಯಕ್ಕೆ ಇಳಿಯಲು ಮನಸ್ಸು ಒಪ್ಪುವುದಿಲ್ಲ. ಉಕ್ರೇನ್ ಯುದ್ಧದಿಂದ ಟಾರಿನ ಬೆಲೆ ಏರಿದ್ದನ್ನು ಕಾರ್ಪೊರೇಟರ್ ಹೇಗೆ ನಿಭಾಯಿಸುತ್ತಾರೆ ಎಂದು ಕೇಳಬಲ್ಲ. ಮೂಲೆ ಮನೆಯ ಮುಂದೆ ಚಪ್ಪಡಿ ಕುಸಿದದ್ದನ್ನು ಯಾವ ವಾರ ಸರಿಮಾಡುತ್ತೀರಿ ಎಂದು ಕೇಳಲಾರ.

ಅಭ್ಯರ್ಥಿಗಳಿಗೆ ಇಂಥ ಪ್ರಶ್ನೆಯೇ ಇಷ್ಟ. ತನ್ನ ಕೈಯಲ್ಲಿಲ್ಲದ ವಿಷಯಕ್ಕೆ ಭರವಸೆ ಕೊಡುವುದು ಸುಲಭ, ಮುಂದೆ ಲೆಕ್ಕ ಕೇಳುವವರೂ ಇಲ್ಲ. ‘ಹಿರಿಯರು ಬಹಳ ಒಳ್ಳೇ ಪ್ರಶ್ನೆ ಕೇಳಿದ್ರು, ನನ್ನ ತಂದೆ ಸಮಾನ ಅವರು. ಗೆದ್ದು ಬಂದ ತಕ್ಷಣ ಅವರನ್ನೇ ಕರ್ಕೊಂಡು ಹೋಗಿ ಮಂತ್ರಿಗಳ ಹತ್ರ ಮಾತಾಡಿಸ್ತೀನಿ’ ಎನ್ನುತ್ತಾನೆ. ತಂದೆ ಸಮಾನನಾದವನಿಗೆ ಆ ದಿನಕ್ಕೆ ಇನ್ನೊಂದು ಪ್ರಶ್ನೆ ಹುಟ್ಟುವುದಿಲ್ಲ. ಅಭ್ಯರ್ಥಿಗಳಲ್ಲಿ ಅರ್ಧದಷ್ಟು ಮಹಿಳೆಯರಿರಲು ಕಾರಣ ಕರ್ನಾಟಕದ ನಗರ ಸಂಸ್ಥೆಗಳಲ್ಲಿ ಅವರಿಗಿರುವ ಶೇ 50ರ ಮೀಸಲಾತಿ. ಕೆಲವು ಕಡೆ ಪ್ರಶ್ನೆ ಹೆಂಡತಿಗೆ ಹೋಗಿ ಉತ್ತರ ಗಂಡನಿಂದ ಬರುತ್ತದೆ. ಹೈಸ್ಕೂಲ್ ಮೇಡಂ ಎದ್ದು, ‘ಯಜಮಾನ್ರೇ, ನಾಮಪತ್ರ ನಿಮ್ಮದಾ ಅವರದಾ?’ ಎಂದು ಕೇಳುವ ತನಕ ಇದು ನಡೆಯುತ್ತದೆ. ಆಗ ಆ ಹೆಣ್ಣುಮಗಳು ಮೈಕ್ ತೆಗೆದುಕೊಂಡು, ಮೋರಿ ಮೂರು ಕಡೆ ಕಟ್ಟಿಕೊಳ್ಳುತ್ತದೆ, ಅದರಲ್ಲೊಂದು ಕಡೆ ಹೋಟೆಲಿನವರು ಜಿಡ್ಡು ಬಿಡುತ್ತಾರೆ, ಕಸದ ಆಟೋ ಹತ್ತು ಗಂಟೆಗೆ ಬಂದರೆ ಕೆಲಸಕ್ಕೆ ಹೋಗುವವರ ಮನೆಯ ಕಸ ಬೀದಿ ಮೂಲೆಗೆ ಬೀಳುತ್ತದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರೆ, ಸಭೆಯಲ್ಲಿ ಪೂರ್ತಿ ಉತ್ತರವೆನ್ನಬಹುದಾದದ್ದು ಅದೊಂದೇ ಆಗಿರುತ್ತದೆ. ಹೋಟೆಲಿನವರು ಎರಡನೇ ಸಾಲಿನಲ್ಲೇ ಕೂತಿದ್ದರೆ ಕಾರ್ಯದರ್ಶಿ ಮುಂದಿನ ಪ್ರಶ್ನೆ ಕರೆಯುತ್ತಾರೆ. ಅಂದಿನ ಉಪ್ಪಿಟ್ಟು ಅವರ ಕೊಡುಗೆ.

ವ್ಯಾಪಾರದ ವಿಷಯಕ್ಕೆ ಬಂದಾಗ ಪ್ರಶ್ನೆಗಾರ ವರ್ತಕರ ವೇಷ ತೊಡುತ್ತಾನೆ. ಈ ವರ್ತಕ ಪ್ರಶ್ನೆಗಾರನಿಗೆ ಫೈಲು ಇಲ್ಲ, ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾತ್ರ. ಅಂಗಡಿಯಲ್ಲಿ ಹುಡುಗನನ್ನು ಬಿಟ್ಟು ಬಂದಿರುವುದರಿಂದ ಅವಸರದಲ್ಲಿರುತ್ತಾನೆ. ಅವನ ದೂರುಗಳಲ್ಲಿ ಹುರುಳಿದೆ. ಉದ್ದಿಮೆ ಪರವಾನಗಿಗೆ ಶುಲ್ಕ ಬೇರೆ, ಆಸ್ತಿ ತೆರಿಗೆ ಬೇರೆ, 2025ರ ಏಪ್ರಿಲ್‌ನಿಂದ ತೆರಿಗೆಯ ಜೊತೆಗೇ ಕಸದ ಶುಲ್ಕವೂ ಬೇರೆ. ವೈಟ್ ಟಾಪಿಂಗ್‌ಗೆಂದು ರಸ್ತೆ ಅಗೆದರೆ ಕಾಮಗಾರಿ ಮುಗಿಯುವಷ್ಟರಲ್ಲಿ ಗಿರಾಕಿ ಮೊಬೈಲಿನಲ್ಲೇ ಸೀರೆ ತರಿಸಲು ಕಲಿತಿರುತ್ತಾರೆ. ಗಾಂಧಿ ಬಜಾರ್ ರಸ್ತೆಯನ್ನು ನವೀಕರಣಕ್ಕೆ ಅಗೆದಾಗ ಅಲ್ಲಿನ ಅಂಗಡಿಯವರು ಗಿರಾಕಿಯಿಲ್ಲದೆ, ಪಾರ್ಕಿಂಗ್ ಇಲ್ಲದೆ ಗೋಳಾಡಿದ್ದು ಎಲ್ಲರೂ ಬಲ್ಲ ಸಂಗತಿ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಿಗಿಯಾದಾಗ ಹಳೆಯ ಪೇಟೆಯ ಶೆಟ್ಟರಿಗೆ ತೊಂದರೆಯಾಗಲಿಲ್ಲ, ಅವರ ಬೋರ್ಡು ಅಜ್ಜನ ಕಾಲದಿಂದ ಕನ್ನಡದಲ್ಲೇ ಇತ್ತು. ಹೊಸ ಬೇಕರಿಯವನು ಮಾತ್ರ ಅರವತ್ತನ್ನು ಅಳೆಯುವುದು ಉದ್ದದಲ್ಲೋ ಅಗಲದಲ್ಲೋ ಎಂದು ಅಭ್ಯರ್ಥಿಯನ್ನೇ ಕೇಳಿದ. ಅಭ್ಯರ್ಥಿ ಎರಡರಲ್ಲೂ ಎಂದ.

ಆದರೆ ವರ್ತಕನ ಮುಖ್ಯ ಪ್ರಶ್ನೆ ಬೀದಿ ವ್ಯಾಪಾರಿಗಳದು. ಫುಟ್‌ಪಾತ್ ಎಲ್ಲಾ ಅವರೇ ಆಕ್ರಮಿಸಿದರೆ ಬಾಡಿಗೆ ಕಟ್ಟುವ ನಾವೇನು ಮಾಡಬೇಕು ಎನ್ನುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ. ಅವನ ಅಂಗಡಿಯ ಪ್ಲಾಸ್ಟಿಕ್ ಬಕೆಟ್ಟುಗಳು, ಮಡಚುವ ಕುರ್ಚಿಗಳು, ಗೋಣಿಚೀಲಗಳು ಅದೇ ಫುಟ್‌ಪಾತಿನ ಮೇಲೆ ನಾಲ್ಕು ಅಡಿ ಮುಂದೆ ಬಂದು ನಿಂತಿರುವುದು ಬೇರೆ ವಿಷಯ. ಕೊನೆಯ ಸಾಲಿನಲ್ಲಿ ನಿಂತ ಹೂವಿನ ಮೊಳದ ಹೆಂಗಸು, ‘ನಾವೂ ಇಪ್ಪತ್ತು ವರ್ಷದಿಂದ ಇಲ್ಲೇ ಕೂತಿದೀವಿ ಅಣ್ಣಾ, ನಮಗೂ ಗುರುತಿನ ಚೀಟಿ ಕೊಡ್ಸಿ’ ಎನ್ನುತ್ತಾಳೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಆಕೆಯ ಪರವಾಗಿದೆ. ವ್ಯಾಪಾರಿಗಳ ಸಮೀಕ್ಷೆಯಾಗಬೇಕು, ಯಾರು ಎಲ್ಲಿ ಕೂರಬೇಕೆಂದು ಪಟ್ಟಣ ಮಾರಾಟ ಸಮಿತಿಯ ಸಲಹೆ ಪಡೆದು ತೀರ್ಮಾನವಾಗಬೇಕು, ಆ ಸಮಿತಿಯಲ್ಲಿ ಕನಿಷ್ಠ ಶೇ 40 ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಅಭ್ಯರ್ಥಿ ಕಾಯ್ದೆಯ ಗೋಜಿಗೆ ಹೋಗುವುದಿಲ್ಲ. ಬೆಳಗ್ಗೆ ಸಭೆಯಲ್ಲಿ ವರ್ತಕರಿಗೆ, ‘ತೆರವು ಮಾಡಿಸಿ ಕೊಡ್ತೀನಿ’ ಎಂದವನು ಸಂಜೆ ಸರ್ಕಲ್ಲಿನಲ್ಲಿ ಹೂವಿನವರಿಗೆ, ‘ನಾನಿರೋ ತನಕ ನಿಮ್ಮ ಬುಟ್ಟಿ ಯಾರು ಮುಟ್ತಾರೆ ನೋಡ್ತೀನಿ’ ಎನ್ನುತ್ತಾನೆ. ಎರಡೂ ಮಾತನ್ನು ಆತ ಉಳಿಸಿಕೊಳ್ಳುತ್ತಾನೆ: ತೆರವು ಹಬ್ಬದ ಮುಂಚೆ ಒಂದು ದಿನ ನಡೆಯುತ್ತದೆ, ಬುಟ್ಟಿಗಳು ಮರುದಿನ ವಾಪಸ್ ಬರುತ್ತವೆ.

ಇನ್ನೊಂದು ಉಪಜಾತಿ ಗಮನಾರ್ಹ: ಒಂದೇ ವಿಷಯದವನು. ಬೀದಿ ನಾಯಿ, ಮಸಾಲೆದೋಸೆ ಹೋಟೆಲಿನ ಮುಂದಿನ ಬೈಕುಗಳು, ಪಕ್ಕದ ಮನೆಯವರು ಕಟ್ಟಿದ ನಾಲ್ಕನೇ ಮಹಡಿ, ಹೀಗೆ ಒಂದನ್ನು ಹಿಡಿದರೆ ಬಿಡುವುದಿಲ್ಲ. ಪಾಲಿಕೆಯ ಬಜೆಟ್ ಬಗ್ಗೆ ಚರ್ಚೆ ನಡೆಯುತ್ತಿರಲಿ, ಮೇಯರ್ ಅವಧಿಯ ಬಗ್ಗೆ ನಡೆಯುತ್ತಿರಲಿ, ಈತ ಅದರ ಬಾಲ ಹಿಡಿದು ನಾಲ್ಕನೇ ಮಹಡಿಗೆ ಹತ್ತುತ್ತಾನೆ.

ಇಷ್ಟೆಲ್ಲ ಪ್ರಶ್ನೆಗಳ ನಡುವೆ ಕೇಳಬೇಕಾಗಿದ್ದ ಒಂದು ಪ್ರಶ್ನೆ ಯಾವಾಗಲೂ ಉಪ್ಪಿಟ್ಟಿನ ತಟ್ಟೆಗಳ ಸದ್ದಿನಲ್ಲಿ ಮುಳುಗುತ್ತದೆ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಬೆಂಗಳೂರಿನಲ್ಲಿ ತಿಂಗಳ ಮೊದಲ ಶನಿವಾರ ಸಮಿತಿ ಸಭೆ ಸೇರಬೇಕೆಂದು ಗೊತ್ತುಮಾಡಿದ್ದೂ ಇದೆ. ಗೆದ್ದರೆ ಆ ಸಭೆ ಕರೆಯುತ್ತೀರಾ, ವಾರ್ಡಿಗೆ ಬಂದ ಹಣದ ಲೆಕ್ಕವನ್ನು ಅಲ್ಲಿ ಇಡುತ್ತೀರಾ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನದೆ ಅಭ್ಯರ್ಥಿಗೆ ದಾರಿಯಿಲ್ಲ. ಇದನ್ನು ಸಾಮಾನ್ಯವಾಗಿ ಕಾಲೇಜಿನ ಹುಡುಗಿಯೊಬ್ಬಳು ಕೇಳುತ್ತಾಳೆ, ಪ್ರಶ್ನೆಗಾರ ಆಕೆಗೆ, ‘ನಾನು ಹೇಳಿದ್ದೂ ಅದನ್ನೇ ಮಗಳೇ’ ಎನ್ನುತ್ತಾನೆ, ಅಷ್ಟರಲ್ಲಿ ವಂದನಾರ್ಪಣೆ ಶುರುವಾಗಿರುತ್ತದೆ.

ಪ್ರಶ್ನೆಗಾರ ಮತ ಹಾಕುವುದಿಲ್ಲ ಎಂಬ ಅಪವಾದ ಸುಳ್ಳು. 2010ರಲ್ಲೂ 2015ರಲ್ಲೂ ನಗರದ ಅರ್ಧಕ್ಕರ್ಧ ಮತದಾರರು ಮತಗಟ್ಟೆಗೆ ಬಾರದಿದ್ದಾಗ ಈತ ಏಳು ಗಂಟೆಗೇ ಸ್ವೆಟರ್ ಹಾಕಿಕೊಂಡು ಸರದಿಯ ಮೊದಲಿಗೆ ನಿಂತಿದ್ದ. ಒಳಗೆ ಹೋಗಿ ಮತಗಟ್ಟೆ ಅಧಿಕಾರಿಗೂ ಒಂದು ಪ್ರಶ್ನೆ ಹಾಕಿದ್ದ. ಯಾರಿಗೆ ಮತ ಕೊಟ್ಟ ಎಂಬುದು ಸಂವಾದದ ಮೇಲೆ ನಿಂತ ವಿಷಯವಲ್ಲ; ಅದು ನಲವತ್ತು ವರ್ಷದ ಹಿಂದೆಯೇ ತೀರ್ಮಾನವಾಗಿದೆ.

2015ರಲ್ಲಿ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವಾರ್ಡುಗಳನ್ನು 198ರಿಂದ 243 ಮಾಡಿದರು, 243ರಿಂದ 225 ಮಾಡಿದರು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳೂ ಬಂದು ವಾರ್ಡುಗಳು ಮತ್ತೆ ಬದಲಾದವು. ಇಷ್ಟರ ನಡುವೆ ಚುನಾವಣೆಯೊಂದು ಮಾತ್ರ ಆಗಲಿಲ್ಲ. 2025 ಕಳೆದಾಗಲೂ ಆಗಿರಲಿಲ್ಲ. ಪ್ರತಿ ಸಲ ವಾರ್ಡಿನ ಸಂಖ್ಯೆಯೋ ಹೆಸರೋ ಬದಲಾದಾಗ ಪ್ರಶ್ನೆಗಾರ ಹಳೆಯ ಮನವಿಗಳ ತಲೆಬರಹ ತಿದ್ದಿ, ಅಭ್ಯರ್ಥಿಗೊಂದು, ಸಂಘಕ್ಕೊಂದು, ತನಗೊಂದು ಎಂದು ಮೂರು ಪ್ರತಿ ತೆಗೆಸಿಟ್ಟುಕೊಂಡ. ಬಡಾವಣೆಯ ವ್ಯಾಪಾರ ವಹಿವಾಟಿಗೆ ಈತನಿಂದ ಆಗಿರುವ ನೇರ ಉಪಕಾರ ಇದೊಂದೇ, ಅದರ ಪೂರ್ತಿ ಲಾಭ ಬಸ್ ಸ್ಟಾಪ್ ಪಕ್ಕದ ಜೆರಾಕ್ಸ್ ಅಂಗಡಿಗೆ.