ತಗ್ಗು, ಬೋಲ್ಟು ಮತ್ತು ಕಾಯ್ದೆ

ಕಾರ್ಖಾನೆಯಲ್ಲೇ ಹುಟ್ಟಿದ ಅಪಾಯಕಾರಿ ದೋಷವಿರುವ ವಾಹನಗಳನ್ನು ತಯಾರಕರೇ ಕರೆಸಿಕೊಂಡು ಪುಕ್ಕಟೆಯಾಗಿ ದುರಸ್ತಿ ಮಾಡಿಕೊಡುವ ಕ್ರಮಕ್ಕೆ ‘ರೀಕಾಲ್’ ಎನ್ನುತ್ತಾರೆ. ಮುಂದಿನ ಫೋರ್ಕಿನ, ಅಂದರೆ ಗಾಲಿಯ ಕುಲುಕನ್ನು ನುಂಗುವ ಜೋಡಿ ಕೊಳವೆಗಳ, ಬೋಲ್ಟಿನ ಗಡಸುತನದ ಬಗ್ಗೆ ಸಂಶಯ ಬಂದು 2018ರಲ್ಲಿ ಹೋಂಡಾ ಕಂಪನಿಯು 56,194 ಸ್ಕೂಟರುಗಳನ್ನು ಹೀಗೆ ಕರೆಸಿಕೊಂಡಿತ್ತು. ಲೋಹವನ್ನು ಸಂಶಯಿಸುವ ಈ ಸತ್ಸಂಪ್ರದಾಯವು ರಸ್ತೆಗಳಿಗೆ ಇನ್ನೂ ವಿಸ್ತರಿಸಿಲ್ಲವಾದ್ದರಿಂದ, ರಾಮದುರ್ಗದ ಗ್ಯಾರೇಜೊಂದರಲ್ಲಿ ಇಂಥದೊಂದು ಸಂವಾದವನ್ನು ಕಲ್ಪಿಸಿಕೊಳ್ಳಲು ಅಡ್ಡಿಯಿಲ್ಲ.

“ಮಿಸ್ತ್ರಿ, ತಗ್ಗಿಗೆ ಇಳಿದರ ಗಾಡಿ ಕಟಕ್ ಅಂತೈತಿ. ಕಂಪನಿಯವರು ಕರೀಬೇಕಲ್ಲ?”

“ಕರದಿದ್ರೂ ಚೀಟಿ ಮೊದಲನೇ ಮಾಲಕಗ ಹೋಗಿರತೈತ್ರೀ ಸಾಹುಕಾರ್ರ. ನೀವು ಮೂರನೆಯವರು.”

“ಅದಕ್ಕ ಕಾನೂನು ಐತೆಲ್ಲ?”

ಇದೆ. 2019ರ ತಿದ್ದುಪಡಿಯು ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಕಲಮನ್ನು ಸೇರಿಸಿತು. 2021ರ ಏಪ್ರಿಲ್ 1ರಿಂದ ಕಡ್ಡಾಯ ರೀಕಾಲಿನ ನಿಯಮವೂ ಜಾರಿಗೆ ಬಂದಿತಾದರೂ, ತಯಾರಾಗಿ ಏಳು ವರ್ಷ ಮೀರಿದ ವಾಹನದ ನರಳಾಟ ಅದರ ಕಿವಿಗೆ ಬೀಳುವುದಿಲ್ಲ.

“ಈ ಗಾಡಿಗೆ ಎಂಟು ತುಂಬ್ಯಾವ್ರೀ,” ಎಂದ ಮಿಸ್ತ್ರಿಯು ಕೊಳವೆಯ ಮೇಲೆ ಬೆರಳಾಡಿಸಿ, ಎರೆಮಣ್ಣಿನ ಧೂಳು ಕೂಡಿ ಕರಿ ಮುಲಾಮಿನಂತಾಗಿದ್ದ ಎಣ್ಣೆಯನ್ನು ತೋರಿಸಿದನು. “ಬೋಲ್ಟ್ ಗಟ್ಟಿ ಐತಿ. ಆಯಿಲ್ ಸೀಲ್ ಹೋಗೈತಿ. ಇದು ತಗ್ಗಿನ ಕೆಲಸ.”

“ಹಂಗಾದರ ರಸ್ತಾ ಮಾಡಿದವರು ರಸ್ತಾ ವಾಪಸ್ ಕರಸಂಗಿಲ್ಲೇನು?”

“ಯಾಕ ಕರಸಬೇಕ್ರೀ? ವರ್ಷಾ ಮಳಿಗಾಲದಾಗ ಖಡಿ ತಾನಾಗೇ ಮಲಪ್ರಭಾಕ್ಕ ಹೊಕ್ಕೈತೆಲ್ಲ!”